ಗಾಜಿನ ಮೇಲಿನ ನೊಣ

ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ? ಆಕಾಶದಿಂದ ಅಂದರೆ ಅಲ್ಲಿ ಕಾಲೂರಲು ಜಾಗವಿಲ್ಲ. ವಿಮಾನ ನಿಲ್ಲಿಸುವ ಹ್ಯಾಂಗರಿನಿಂದ ಶುರು ಮಾಡಿ ಹದಿನೇಳು ಸಲ ಹರಿದು ಹಾಕಿದೆ. (ಎರಡೇ ಸಲ. ಆದರೆ ನಾನು ಹರಿಯುವ ರಭಸಕ್ಕೆ ಅದು ಹದಿನೇಳಕ್ಕೆ ಸಮ.)

೧

ಸೊಸೆ ಎಂಜಿನ್ ವಿಮಾನದ ಪೈಲಟ್. ಮಾವ ಗ್ಲೈಡರಿನವರು. ಅದಕ್ಕೆ ಎಂಜಿನ್ನಿಲ್ಲ, ಇವಳು ಹಗ್ಗ ಕಟ್ಟಿ ಮೇಲಕ್ಕೆ ಎಳೆದೊಯ್ದು ಬಿಡಬೇಕು, ಆಮೇಲೆ ಮೇಲೇಳುವ ಬಿಸಿಗಾಳಿಯೇ ಗತಿ. ಮಾವನ ಮೂಗಿಗೆ ಹಗ್ಗ ಹಾಕುವ ಧೈರ್ಯ ಇಡೀ ಹಾರಾಟದ ಕ್ಲಬ್ಬಿನಲ್ಲಿ ಇವಳೊಬ್ಬಳಿಗೇ!

ಆ ಗ್ಲೈಡರಿನ ರೆಕ್ಕೆ ಎಷ್ಟುದ್ದ ಅಂದಿರಿ? ಈ ತುದಿಯಲ್ಲಿ ಬಿಸಿಲು, ಆ ತುದಿಯಲ್ಲಿ ಮಳೆ!

“ಹದಿನೈದು ಮೀಟರ್,” ಅಂದಳು ಸೊಸೆ, ಕಥೆಯೊಳಗಿಂದಲೇ. “ನಿಮ್ಮ ಬೊಗಳೆ ಆಮೇಲೆ ಸಾರ್. ನಾನಿಲ್ಲಿ ಗಾಳಿಯಲ್ಲಿದ್ದೀನಿ.”

೨

ಮಾವನನ್ನು ಮೇಲೊಯ್ದು ಬಿಟ್ಟು, ಇನ್ನಿಬ್ಬರನ್ನು ಎಳೆದು, ಮರಳುತ್ತಿದ್ದಳು. ಮುಂಗಾಜಿನಲ್ಲೊಂದು ಚುಕ್ಕೆ. ಅಲುಗಾಡುತ್ತಿಲ್ಲ. ಸತ್ತ ನೊಣ, ಬೆಳಿಗ್ಗೆ ಸರಿಯಾಗಿ ಒರೆಸಿಲ್ಲ ಅಂದುಕೊಂಡಳು.

ಈ ಕಸುಬಿನ ದೊಡ್ಡ ಮೋಸ ಇದೇ ಓದುಗರೇ. ಗಾಜಿನ ಮೇಲೆ ಸರಿದು ಹೋಗುವ ಚುಕ್ಕೆ ತನ್ನ ಪಾಡಿಗೆ ತಾನು ಹೋಗುತ್ತೆ. ಇದ್ದಲ್ಲೇ ಇರುವ ಚುಕ್ಕೆ ನೆಟ್ಟಗೆ ನಿಮ್ಮ ಮೇಲೇ ಬರುತ್ತೆ. ಹೊಸಬರಿಗೆಲ್ಲ ಇದನ್ನು ಕಲಿಸುವವಳೇ ಇವಳು!

ನೊಣ ದಪ್ಪಗಾಯಿತು. ಅದಕ್ಕೆ ಬಿಳೀ ರೆಕ್ಕೆ. ಒಂದು ಮೋಡ ಬಿಟ್ಟು ಇನ್ನೊಂದರತ್ತ ಜಾರುತ್ತಿದ್ದ ಮಾವ.

೩

ಮೊದಲ ಕರಡು: ಡಿಕ್ಕಿ. ನಾಲ್ಕು ಪುಟ ಬೆಂಕಿ.

“ಹೊಡೆದು ಹಾಕ್ರೀ ಅದನ್ನ! ಅವರು ನಮ್ಮಾವ!” ಕಿರುಚಿದಳು ಸೊಸೆ.

ಹೊಡೆದು ಹಾಕಿದೆ.

ಎರಡನೆಯದು: ಮಾವ ಕೈಚಾಚಿ ಅವಳ ವಿಮಾನವನ್ನು ಪಕ್ಕಕ್ಕೆ ತಳ್ಳಿದರು. (ನನಗಂತೂ ಹಿಡಿಸಿತು.) ಅವಳು ಓದಲೂ ಇಲ್ಲ. ಆಗಲೇ ಬಲಕ್ಕೆ ವಾಲಿಸಿಬಿಟ್ಟಿದ್ದಳು. ಎಂಜಿನ್ ಇದ್ದವರೇ ಇಲ್ಲದವರಿಗೆ ದಾರಿ ಬಿಡಬೇಕು, ಅದು ನಿಯಮ. ನಡುವೆ ಒಂದು ಕೂದಲು ಹಿಡಿಸುವಷ್ಟೇ ಜಾಗ! (ಸರಿ ಸರಿ, ಮೂವತ್ತು ಮೀಟರ್.)

೪

ನೆಲಕ್ಕಿಳಿದ ಮಾವ ಖುಷಿಯಲ್ಲಿದ್ದರು. “ಏನಮ್ಮಾ, ಅಷ್ಟು ಹತ್ರ ಬಂದು ತಿರುಗಿಸ್ದೆ? ಮುದುಕನ್ನ ಹೆದರ್ಸೋ ಆಟಾನಾ? ನೀನು ನನ್ನನ್ನ ದೂರದಿಂದ್ಲೇ ನೋಡಿದ್ದೆ ತಾನೇ?”

ಕ್ಲಬ್ಬಿನ ಸುರಕ್ಷತೆಯ ಉಸ್ತುವಾರಿ ಅವರದೇ. ಇದಕ್ಕಿಂತ ಸಣ್ಣ ತಪ್ಪಿಗೆ ಸ್ವಂತ ಮಗನನ್ನೇ, ಅಂದರೆ ಇವಳ ಗಂಡನನ್ನೇ, ವರ್ಷಗಟ್ಟಲೆ ಹಾರಲು ಬಿಟ್ಟಿರಲಿಲ್ಲ. ಹೂಂ ಅಂದರೆ ಇವಳು ನಾಳೆಯೂ ಹಾರಬಹುದು. ಆದರೆ ಕಲಿಸುವವಳೇ ಮೋಸಹೋದಳು ಅನ್ನುವುದು ಯಾರಿಗೂ ಗೊತ್ತಾಗದು. ನಾಳೆ ಕಲಿಯುವವನೊಬ್ಬ ಮೋಸಹೋದರೆ ಮೂವತ್ತು ಮೀಟರ್ ಉಳಿದೀತು ಅಂತ ಏನು ಖಾತ್ರಿ?

“ಹೂಂ ಅಂದುಬಿಡು ತಾಯಿ,” ಪಿಸುಗುಟ್ಟಿದೆ ನಾನು. “ಸುಳ್ಳು ಬೇಕಿದ್ದರೆ ನನ್ನ ಹತ್ತಿರ ಗಾಡಿಗಟ್ಟಲೆ ಇದೆ.”

“ನಿಮ್ಮದು ನಿಮಗೇ ಇರಲಿ.”

ಮಾವ ಕಾಯುತ್ತಿದ್ದಾರೆ. ನಾನು ಪೂರ್ಣವಿರಾಮ ಹಿಡಿದು ನಿಂತಿದ್ದೇನೆ. ಇಡಲು ಇವಳು ಬಿಡುತ್ತಿಲ್ಲ. ಹೆಡ್‌ಸೆಟ್ ಕಳಚಿ ಹೇಳುತ್ತಿದ್ದಾಳೆ: “ಮಾವ, ಒಂಚೂರು ಕೂತ್ಕೊಳ್ಳಿ. ನೀವು ನಂಗೆ ಕಂಡಿದ್ದೇನೋ ನಿಜ, ಆದ್ರೆ ನಾನು