ಓದಿ ಹೇಳಿದ ತೀರ್ಪುಗಳು

ಮಂದಾಕಿನಿಯವರ ಕುತ್ತಿಗೆ ಎಡಕ್ಕೆ ವಾಲಿರುತ್ತಿತ್ತು. ಫೋನಿನ ರಿಸೀವರನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಎರಡೂ ಕೈಗಳನ್ನು ಕಾಗದಕ್ಕೆ ಬಿಟ್ಟುಕೊಟ್ಟು, ಆ ಕಡೆಯವರು ಓದಿದ್ದನ್ನು ಈ ಕಡೆ ಬರೆದುಕೊಳ್ಳುತ್ತಿದ್ದರು. ನಾನು ಆ ಊರಿನ ನ್ಯಾಯಾಲಯಕ್ಕೆ ಹೊಸ ವಕೀಲನಾಗಿ ಹೋದ ದಿನ ಅವರನ್ನು ಮೊದಲು ಕಂಡದ್ದು ಹಾಗೆಯೇ. ಬಾಗಿಲಲ್ಲಿ ನಿಂತ ನನ್ನತ್ತ ಕಣ್ಣೆತ್ತಿ, ಬೆರಳಿನಿಂದ ಕುರ್ಚಿ ತೋರಿಸಿ, "ಅಲ್ಪವಿರಾಮ ಆದ್ಮೇಲೆ ಏನಂದ್ರಿ?" ಎಂದರು. ನನ್ನನ್ನೇ ಕೇಳಿದರೆಂದು ತಿಳಿದು ನಾನು ತಬ್ಬಿಬ್ಬಾದೆ.

ಅದು ವಕೀಲರ ಸಂಘದ ಗ್ರಂಥಾಲಯ. ಹೆಸರು ದೊಡ್ಡದು, ಕೋಣೆ ಚಿಕ್ಕದು. ಹಳೆಯ ತೀರ್ಪುಗಳ ಸಂಪುಟಗಳಲ್ಲಿ ಅರ್ಧಕ್ಕರ್ಧ ಗೆದ್ದಲಿನ ಪಾಲಾಗಿದ್ದವು. ಮೂಲೆಯಲ್ಲಿ ಒಂದು ಕಂಪ್ಯೂಟರ್ ಇತ್ತು. ಅದರೊಳಗೆ ದೇಶದ ಕಾನೂನೆಲ್ಲ ಇದೆಯೆಂದು ಸಂಘದವರು ಹೇಳಿಕೊಳ್ಳುತ್ತಿದ್ದರು. ಆದರೆ ಅದರ ಪಾಸ್‌ವರ್ಡ್ ಅಧ್ಯಕ್ಷರ ಹತ್ತಿರ, ಅಧ್ಯಕ್ಷರು ಯಾವಾಗಲೂ ಊರಾಚೆ. ಒಮ್ಮೊಮ್ಮೆ ಅದು ತೆರೆದಾಗಲೂ ನಿಂತುಹೋದ ಸಣ್ಣ ಕಾನೂನು ಪತ್ರಿಕೆಗಳಲ್ಲಿ ಅಚ್ಚಾದ ತೀರಾ ಹಳೆಯ ತೀರ್ಪುಗಳು ಅದರಲ್ಲಿ ಸಿಗುತ್ತಿರಲಿಲ್ಲ. ಮಂದಾಕಿನಿಯವರು ಆ ಕೋಣೆಯಲ್ಲಿ ಕೂದಲು ನರೆಸಿಕೊಂಡವರು. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಂಡು, ಎರಡು ಬಸ್ಸು ಬದಲಿಸಿ ಬಂದು ಬೀಗ ತೆಗೆಯುವ ಹೊತ್ತಿಗೇ ದಣಿದಿರುತ್ತಿದ್ದರು. ಇಲ್ಲ ಎಂಬ ಮಾತನ್ನು ದಿನವಿಡೀ ಹೇಳಿ ಹೇಳಿ ತಮಗೆ ಆಯಾಸವಾಗುತ್ತಿತ್ತೆಂದು ಒಮ್ಮೆ ನನ್ನೊಡನೆ ಹೇಳಿದ್ದರು.

ಆ ಆಯಾಸ ಸ್ವಲ್ಪ ಕಡಿಮೆಯಾದದ್ದು ನಾನು ಬರುವ ಮೊದಲೇ ನಡೆದ ಒಂದು ತರಬೇತಿಯಿಂದ. ಕಾನೂನು ಗ್ರಂಥಪಾಲಕರಿಗೆಲ್ಲ ವೃತ್ತಿ ತರಬೇತಿ ಕೊಡಬೇಕೆಂದು ಮೇಲಿನವರಿಗೆ ಯಾವಾಗಲೋ ಅನಿಸಿ, ಇವರನ್ನೂ ದೂರದ ಪಟ್ಟಣಕ್ಕೆ ಕರೆಸಿದ್ದರು. ಅಲ್ಲಿ ಗೋಡೆಯ ಮೇಲೆ ಬೆಳಕಿನ ಚಿತ್ರಗಳನ್ನು ಬಿಟ್ಟು, ಮಾಹಿತಿಯ ಲಭ್ಯತೆ ಎಂದರೇನು, ಯಾವ ಗುಂಡಿ ಒತ್ತಿದರೆ ಏನು ಸಿಗುತ್ತದೆ ಎಂದು ಸಂಜೆಯವರೆಗೆ ವಿವರಿಸಿದರು. ಗುಂಡಿಯೇ ಇಲ್ಲದ ಗ್ರಂಥಾಲಯಗಳಿಂದ ಬಂದವರು ಹಿಂದಿನ ಸಾಲಿನಲ್ಲಿ ಕುಳಿತು ತೂಕಡಿಸುತ್ತಿದ್ದರು. ಮಂದಾಕಿನಿಯವರ ಪಕ್ಕದಲ್ಲಿ ತೂಕಡಿಸುತ್ತಿದ್ದವರು ಗುರುಶಾಂತಪ್ಪ, ಉತ್ತರದ ಸೀಮೆಯ ಒಂದು ನ್ಯಾಯಾಲಯದ ಗ್ರಂಥಪಾಲಕರು. ಊಟದ ಹೊತ್ತಿನಲ್ಲಿ ಇಬ್ಬರೂ ತಂತಮ್ಮ ಕಪಾಟಿನಲ್ಲಿ ಏನಿದೆ, ಏನಿಲ್ಲ ಎಂದು ಹೇಳಿಕೊಂಡರು. ಇವರಲ್ಲಿ ಗೆದ್ದಲು ತಿಂದದ್ದೆಲ್ಲ ಅವರಲ್ಲಿ ಇತ್ತು. ಅವರಲ್ಲಿ ಎಂದೂ ತರಿಸದ ಹೊಸ ಸಂಪುಟಗಳು ಇವರಲ್ಲಿ ಇದ್ದವು. ಗುರುಶಾಂತಪ್ಪ ಕೈ ತೊಳೆಯುತ್ತ, "ನಮ್ಮಲ್ಲಿದ್ದದ್ದು ನಾ ಓದಿ ಹೇಳತೀನಿ, ನಿಮ್ಮಲ್ಲಿದ್ದದ್ದು ನೀವು ಓದಿ ಹೇಳ್ರಿ ಅಕ್ಕಾರ. ಫೋನ್ ಅಂತೂ ಐತೆಲ್ಲ" ಎಂದರಂತೆ. ಅಷ್ಟೂ ದಿನದ ತರಬೇತಿಯಲ್ಲಿ ಇವರು ಮನೆಗೆ ತಂದದ್ದು ಅದೊಂದು ಮಾತು.

ಅಂದಿನಿಂದ ವರ್ಷಗಟ್ಟಲೆ ಆ ಓದು ನಡೆಯಿತು. ನಮಗೆ ಬೇಕಾದ ತೀರ್ಪಿನ ಹೆಸರು ಹೇಳಿದರೆ ಮಂದಾಕಿನಿಯವರು ಫೋನ್ ತಿರುಗಿಸುತ್ತಿದ್ದರು. ಕುತ್ತಿಗೆ ಎಡಕ್ಕೆ ವಾಲುತ್ತಿತ್ತು. ಗುರುಶಾಂತಪ್ಪನವರದು ನಿಧಾನದ ಓದು, ಪೂರ್ಣವಿರಾಮವನ್ನೂ ಬಿಡದೆ ಓದುತ್ತಿದ್ದರು. ನಡುವೆ ಒಮ್ಮೆ ತಮ್ಮ ನಂಬರು ಬದಲಾಯಿತೆಂದು ಹೊಸದು ಕೊಟ್ಟರು. ಆಮೇಲೆ ಓದಿನ ಹಿಂದೆ ಬೇರೆ ಬೇರೆ ಸದ್ದುಗಳು ಕೇಳತೊಡಗಿದವು. ಒಮ್ಮೆ ಕುಕ್ಕರು ಕೂಗಿತು. ಒಮ್ಮೆ ಎಳೆಗೂಸು ಅತ್ತಿತು. ಏನದು ಎಂದು ಇವರು ಕೇಳಿದರೆ, ಕ್ಯಾಂಟೀನು ಪಕ್ಕಕ್ಕೆ ಬಂದಿದೆ, ಕಕ್ಷಿದಾರರು ಮಕ್ಕಳನ್ನು ಕರೆತರುತ್ತಾರೆ ಎಂದು ಉತ್ತರ ಬರುತ್ತಿತ್ತು. ಸಂಪುಟ ಹುಡುಕಲು ಈಗ ಬಹಳ ಹೊತ್ತು ಹಿಡಿಯುತ್ತಿತ್ತು. ಅಟ್ಟದ ಮೇಲಿದೆ ಎಂದು ಹೇಳಿ ಹೋದವರು ಏದುಸಿರು ಬಿಡುತ್ತ ಬಂದು ಓದುತ್ತಿದ್ದರು. ವಯಸ್ಸಾಯಿತು ಪಾಪ, ಏಣಿ ಹತ್ತಿಸುತ್ತಾರೆ ಎಂದು ಮಂದಾಕಿನಿಯವರು ಮರುಗುತ್ತಿದ್ದರು.

ಚೌಡಮ್ಮನ ಪ್ರಕರಣ ನನ್ನ ಕೈಗೆ ಬಂದದ್ದು ಆ ಕಾಲದಲ್ಲಿ. ಆಕೆ ಒಂದು ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಿದ್ದಳು. ತಾತ್ಕಾಲಿಕ ಎಂದು ಸೇರಿಸಿಕೊಂಡು, ಯೌವನವೆಲ್ಲ ಒಲೆಯ ಮುಂದೆ ಕಳೆಯುವವರೆಗೂ ತಾತ್ಕಾಲಿಕವಾಗಿಯೇ ಇಟ್ಟುಕೊಂಡು, ಕೊನೆಗೆ ನಾಳೆಯಿಂದ ಬರಬೇಡ ಎಂದು ಬಾಯಿಮಾತಿನಲ್ಲಿ ಹೇಳಿ ಕಳಿಸಿದ್ದರು. ಗಂಡನಿಲ್ಲ; ಮಾತು ಬಾರದ ಮಗಳೊಬ್ಬಳನ್ನು ಸಾಕಬೇಕು. ಹಾಗೆ ಬಾಯಿಮಾತಿನಲ್ಲಿ ತೆಗೆಯುವುದು ನ್ಯಾಯವಲ್ಲ ಎಂಬ ಹಳೆಯ ತೀರ್ಪೊಂದು ಇದೆಯೆಂದು ಹಿರಿಯ ವಕೀಲರೊಬ್ಬರು ನೆನಪಿಸಿಕೊಂಡರು, ಎಲ್ಲಿ ಎಂದು ಅವರಿಗೆ ಹೊಳೆಯಲಿಲ್ಲ. ಕಂಪ್ಯೂಟರಿನಲ್ಲಿ ಅದು ಸಿಗಲಿಲ್ಲ. ಗುರುಶಾಂತಪ್ಪ ಹುಡುಕಿ, ಎರಡು ಮಧ್ಯಾಹ್ನ ಕುಳಿತು ಪೂರ್ತಿ ಓದಿ ಹೇಳಿದರು. ಮಂದಾಕಿನಿಯವರ ದುಂಡನೆಯ ಅಕ್ಷರಗಳಲ್ಲಿ ಇಳಿದ ಆ ತೀರ್ಪನ್ನು ನಾನು ನ್ಯಾಯಾಧೀಶರ ಮುಂದಿಟ್ಟೆ.

ಎದುರು ವಕೀಲರು ಎದ್ದು ನಿಂತರು. ಫೋನಿನಲ್ಲಿ ಯಾರೋ ಓದಿದ್ದನ್ನು ಇನ್ಯಾರೋ ಬರೆದುಕೊಂಡರೆ ಅದು ತೀರ್ಪಾಗುತ್ತದೆಯೇ ಎಂದು ಕೇಳಿದರು. ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಮುಂದಿನ ತಾರೀಕಿಗೆ ಮೂಲ ಪುಸ್ತಕವನ್ನಾಗಲಿ, ಗ್ರಂಥಾಲಯದ ಮೊಹರು ಹಾಕಿದ ನಕಲನ್ನಾಗಲಿ ತರಬೇಕು, ಇಲ್ಲದಿದ್ದರೆ ಅದನ್ನು ಗಣನೆಗೆ ತೆಗೆದುಕೊಳ್ಳುವುದಿಲ್ಲ ಎಂದು ಆದೇಶವಾಯಿತು.

ಮಂದಾಕಿನಿಯವರು ಮೊಹರು ಹಾಕಿದ ನಕಲು ಕಳಿಸಿರೆಂದು ಫೋನಿನಲ್ಲಿ ಕೇಳಿದಾಗ ಗುರುಶಾಂತಪ್ಪ ಅದೊಂದು ಆಗುವುದಿಲ್ಲ ಎಂದರು. ಪುಸ್ತಕವನ್ನಾದರೂ ಕಳಿಸಿ ಎಂದರೆ ಅದೂ ಆಗುವುದಿಲ್ಲ ಎಂದರು. ಕಾರಣ ಹೇಳಲಿಲ್ಲ. ರಿಸೀವರ್ ಇಟ್ಟ ಮೇಲೂ ಮಂದಾಕಿನಿಯವರ ಕುತ್ತಿಗೆ ಹಾಗೇ ವಾಲಿಕೊಂಡಿತ್ತು. ಅಷ್ಟು ವರ್ಷಗಳಲ್ಲಿ ಗುರುಶಾಂತಪ್ಪನವರ ಬಾಯಿಂದ ಬಂದ ಮೊದಲ ಇಲ್ಲ ಅದು. "ಹೋಗಿ ನೋಡೋಣ ನಡೀರಿ," ಎಂದರು ನನಗೆ. "ಏನೋ ಕಷ್ಟದಲ್ಲಿದ್ದಾರೆ ಅವರು."

ಅತ್ತೆಯನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಅವರು ಹೊರಟರು. ದೀರ್ಘ ಪ್ರಯಾಣ. ರೈಲಿನಿಂದ ಇಳಿದು ನ್ಯಾಯಾಲಯಕ್ಕೆ ಹೋಗಿ ಗ್ರಂಥಾಲಯ ಎಲ್ಲಿ ಎಂದು ವಿಚಾರಿಸಿದೆವು. ಜವಾನನೊಬ್ಬ ನಮ್ಮನ್ನು ಒಂದು ಕೋಣೆಗೆ ಕರೆದೊಯ್ದ. ಅಲ್ಲಿ ವಕೀಲರು ಕೇರಂ ಆಡುತ್ತಿದ್ದರು. ಕಂಪ್ಯೂಟರ್ ಬಂದ ಮೇಲೆ ಪುಸ್ತಕಗಳು ಯಾಕೆಂದು ಗ್ರಂಥಾಲಯವನ್ನು ಮುಚ್ಚಿ ಬಹಳ ದಿನವಾಯಿತೆಂದೂ, ಇದ್ದ ಸಂಪುಟಗಳನ್ನು ಗುಜರಿಗೆ ಹಾಕಿದರೆಂದೂ, ಗ್ರಂಥಪಾಲಕರನ್ನು ಅವತ್ತೇ ಮನೆಗೆ ಕಳಿಸಿದರೆಂದೂ ಆತ ಹೇಳಿದ. ಮಂದಾಕಿನಿಯವರು ಗೋಡೆ ನೋಡುತ್ತಿದ್ದರು. ಕಪಾಟುಗಳನ್ನು ಕಿತ್ತ ಜಾಗದಲ್ಲಿ ಸುಣ್ಣ ಇನ್ನೂ ಬೆಳ್ಳಗಿತ್ತು.

ಜವಾನ ಹೇಳಿದ ದಾರಿ ಹಿಡಿದು ಒಂದು ಸಣ್ಣ ಮನೆಯ ಮುಂದೆ ನಿಂತೆವು. ಬಾಗಿಲು ತೆರೆದವರು ಗುರುಶಾಂತಪ್ಪನವರ ಹೆಂಡತಿ ನೀಲವ್ವ. ಮಂದಾಕಿನಿಯವರು ಒಂದು ಮಾತಾಡಿದ್ದೇ ತಡ, ಆಕೆಗೆ ದನಿಯ ಗುರುತು ಹತ್ತಿತು.

"ಫೋನಿನ ಅಕ್ಕಾರು ನೀವೇನ್ರಿ?" ಎಂದರು. ಆ ದನಿಯಲ್ಲಿ ಸ್ವಾಗತ ಎಷ್ಟಿತ್ತು, ಬೇಸರ ಎಷ್ಟಿತ್ತು ಎಂದು ನನಗೆ ತಿಳಿಯಲಿಲ್ಲ.

ಮನೆಯೊಳಗೆ ಕಾಲಿಡಲು ಜಾಗವಿರಲಿಲ್ಲ. ಮಂಚದ ಕೆಳಗೆ ಸಂಪುಟಗಳು, ಅಟ್ಟದ ಮೇಲೆ ಸಂಪುಟಗಳು, ಅಡುಗೆಮನೆಯ ಗೋಡೆಗೆ ಒರಗಿಸಿದ ಸಂಪುಟಗಳು. ಕುಕ್ಕರು ಅಲ್ಲೇ ಇತ್ತು. ಮಗಳು ಹೆರಿಗೆಗೆ ಬಂದಾಗ ಕೂಸಿನೊಂದಿಗೆ ಮಲಗಿಸಲು ಜಾಗವಿಲ್ಲದೆ ಕೆಲವೇ ದಿನಕ್ಕೆ ಬಾಣಂತನವನ್ನು ಬೀಗರ ಮನೆಗೆ ಬಿಡಬೇಕಾಯಿತೆಂದು ನೀಲವ್ವ ಚಹಾ ಸೋಸುತ್ತ ಹೇಳಿದರು. ಯಾರನ್ನೂ ದೂರುವ ಮಾತಿನ ರೀತಿ ಅದಾಗಿರಲಿಲ್ಲ. ದೂರಿ ದೂರಿ ಸಾಕಾದ ಮೇಲೆ ಉಳಿಯುವ ಸಪ್ಪೆ ದನಿ.

ಗುರುಶಾಂತಪ್ಪ ಹಿತ್ತಲಿನಿಂದ ಬಂದರು. ನಾನು ಫೋನಿನ ದನಿಯಿಂದ ಎತ್ತರದ ಆಳೊಬ್ಬರನ್ನು ಊಹಿಸಿಕೊಂಡಿದ್ದೆ. ಬಂದವರು ಸಣಕಲು ಮನುಷ್ಯ, ಮೊಣಕಾಲಿಗೆ ಬಟ್ಟೆ ಸುತ್ತಿಕೊಂಡಿದ್ದರು, ಅಟ್ಟದಿಂದ ಬಿದ್ದದ್ದಂತೆ. ನಮ್ಮನ್ನು ನೋಡಿ ತಲೆ ತಗ್ಗಿಸಿದರು.

"ಯಾಕೆ ಹೇಳ್ಲಿಲ್ಲ?" ಎಂದು ಮಂದಾಕಿನಿಯವರು ಕೇಳಿದರು.

"ಗ್ರಂಥಾಲಯ ಇಲ್ಲ ಅಂದಿದ್ರ ನೀವು ಫೋನ್ ಮಾಡೂದು ಬಿಡ್ತಿದ್ರಿ," ಎಂದರು ಗುರುಶಾಂತಪ್ಪ. "ನನಗ ಕೆಲಸ ಇರ್ತಿರಲಿಲ್ಲ."

ಇನ್ನೊಂದನ್ನೂ ಹೇಳಿದರು. ಗುಜರಿಯವನ ಗಾಡಿ ನಿಂತಲ್ಲೇ ಬೇಡಿಕೊಂಡು ತಂದ ಪುಸ್ತಕಗಳಿವು. ಒಳಗೆಲ್ಲ ಹಳೆಯ ಗ್ರಂಥಾಲಯದ ಮೊಹರಿದೆ. ನ್ಯಾಯಾಲಯದ ಸ್ವತ್ತು ನಿಮ್ಮ ಮನೆಗೆ ಹೇಗೆ ಬಂತೆಂದು ಯಾರಾದರೂ ಕೇಳಿದರೆ ತೋರಿಸಲು ಒಂದು ಚೀಟಿಯೂ ಇಲ್ಲ. ಆ ಭಯಕ್ಕೇ ಪುಸ್ತಕ ಕಳಿಸುವುದಿಲ್ಲ ಎಂದದ್ದು.

ಹಾಗಾದರೆ ಬೇಡ, ಬೇರೆ ದಾರಿ ನೋಡುತ್ತೇವೆ ಎಂದು ನಾವು ಎದ್ದೆವು. ಬೇರೆ ದಾರಿ ಇರಲಿಲ್ಲ, ಅದು ಮೂವರಿಗೂ ಗೊತ್ತಿತ್ತು. ಗುರುಶಾಂತಪ್ಪ ಆ ಅಡುಗೆಯಾಕೆಗೆ ಮಕ್ಕಳೆಷ್ಟು ಎಂದು ಕೇಳಿದರು. ಮಾತು ಬಾರದ ಒಬ್ಬಳೇ ಮಗಳೆಂದು ಹೇಳಿದೆ. ಅವರು ಹೆಂಡತಿಯ ಮುಖ ನೋಡಿದರು. ನೀಲವ್ವ ಒಳಗೆ ಹೋಗಿ, ಒಗೆದಿಟ್ಟ ಅಂಗಿಯನ್ನು ತಂದು ಅವರ ಕೈಗೆ ಕೊಟ್ಟರು.

ತಾರೀಕಿನ ದಿನ ಗುರುಶಾಂತಪ್ಪ ತಾವೇ ಪುಸ್ತಕ ಹಿಡಿದು ನಮ್ಮ ನ್ಯಾಯಾಲಯದಲ್ಲಿ ನಿಂತರು. ಎದುರು ವಕೀಲರು ಮೊದಲ ಪುಟದ ಮೊಹರನ್ನು ಕಂಡರು. ಅವರು ಕೇಳಬಾರದೆಂದು ನಾವು ಬೇಡಿಕೊಂಡಿದ್ದ ಪ್ರಶ್ನೆಯನ್ನೇ ಕೇಳಿದರು. ಗುರುಶಾಂತಪ್ಪ ಏನನ್ನೂ ಮುಚ್ಚಿಡಲಿಲ್ಲ. ಗ್ರಂಥಾಲಯ ಇತ್ತು, ಈಗಿಲ್ಲ, ಗುಜರಿಯ ಗಾಡಿಯಿಂದ ತೆಗೆದುಕೊಂಡೆ, ನಮ್ಮ ಮನೆಯಲ್ಲಿದೆ ಎಂದರು. ನ್ಯಾಯಾಧೀಶರು ಪುಸ್ತಕ ತರಿಸಿಕೊಂಡು ಬಹಳ ಹೊತ್ತು ಪುಟ ತಿರುಗಿಸಿದರು. ಮಂದಾಕಿನಿಯವರು ಹಿಂದಿನ ಬೆಂಚಿನಲ್ಲಿ ಸೆರಗನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದರು.

"ಪುಸ್ತಕ ಯಾರ ಮನೆಯಲ್ಲಿತ್ತು ಅನ್ನೋದು ಇವತ್ತು ನನ್ನ ಮುಂದಿರೋ ಪ್ರಶ್ನೆ ಅಲ್ಲ," ಎಂದರು ನ್ಯಾಯಾಧೀಶರು. "ಪುಟ ಸರಿಯಾಗಿದೆ. ಮುಂದುವರಿಸಿ."

ಚೌಡಮ್ಮನಿಗೆ ಕೆಲಸ ಮರಳಿ ಸಿಕ್ಕಿತು. ಆದರೆ ಮೇಲ್ಮನವಿ, ತಡೆಯಾಜ್ಞೆ ಎಂದು ಎಳೆದಾಡಿ ಆಕೆ ಒಲೆಯ ಮುಂದೆ ನಿಲ್ಲುವ ಹೊತ್ತಿಗೆ ನಿವೃತ್ತಿ ಹತ್ತಿರವಾಗಿತ್ತು. ಅಷ್ಟಾದರೂ ಆಯಿತಲ್ಲ ಎಂದಳು. ಗುರುಶಾಂತಪ್ಪನವರನ್ನು ಯಾರೂ ಏನೂ ಕೇಳಲಿಲ್ಲ. ಕೇಳುವಷ್ಟು ಆ ಪುಸ್ತಕಗಳು ಯಾರಿಗೂ ಬೇಕಾಗಿರಲಿಲ್ಲ.

ಇಷ್ಟಾದ ಮೇಲೆ ಮಂದಾಕಿನಿಯವರು ಫೋನ್ ಮಾಡುವುದನ್ನು ನಿಲ್ಲಿಸಿದರು. ನೀಲವ್ವನ ಆ ಸಪ್ಪೆ ದನಿ ಅವರ ಕಿವಿಯಿಂದ ಹೋಗಿರಲಿಲ್ಲ. ನಮ್ಮಲ್ಲಿ ಯಾರು ಹಳೆಯ ತೀರ್ಪು ಕೇಳಿದರೂ ಇಲ್ಲ ಎನ್ನುತ್ತಿದ್ದರು. ಕುತ್ತಿಗೆ ನೆಟ್ಟಗಾಯಿತು, ಮುಖ ಮಾತ್ರ ಇನ್ನಷ್ಟು ಬಾಡಿತು. ಹೀಗೆ ಕೆಲವು ತಿಂಗಳು ಕಳೆದ ಮೇಲೆ ಒಂದು ದಿನ ಆ ಕಡೆಯಿಂದಲೇ ಫೋನ್ ಬಂತು. ಮಾತಾಡಿದವರು ನೀಲವ್ವ.

"ಯಾಕ ಫೋನ್ ಮಾಡವಲ್ರಿ ಅಕ್ಕಾರ? ಇವರು ದಿನಾ ಆ ಫೋನಿನ ಮುಂದ ಕುಂದರತಾರ. ಹಿಂಗ ಕುಂತಿದ್ದು ನನಗ ನೋಡಾಕ ಆಗೂದಿಲ್ರಿ. ಏನರ ಒಂದು ಕೇಳ್ರಿ."

ಮಂದಾಕಿನಿಯವರು ಆ ಕ್ಷಣಕ್ಕೆ ನೆನಪಿಗೆ ಬಂದ ಯಾವುದೋ ತೀರ್ಪಿನ ಹೆಸರು ಹೇಳಿದರು. ಅದು ನಮಗೆ ಬೇಕಿರಲೇ ಇಲ್ಲ. ಆದರೂ ಸಂಜೆಯವರೆಗೆ ಬರೆದುಕೊಂಡರು. ಆಮೇಲೆ ಸಂಘದವರ ಬೆನ್ನು ಹತ್ತಿದರು. ಗೆದ್ದಲು ಹಿಡಿದ ಕಪಾಟುಗಳನ್ನು ಬದಲಿಸಿ, ಆ ಸಂಪುಟಗಳನ್ನು ಇಲ್ಲಿಗೆ ತರಿಸಿಕೊಳ್ಳಿ ಎಂದು ಪ್ರತಿ ಸಭೆಯಲ್ಲೂ ಎದ್ದು ಹೇಳಿದರು. ಸಭೆ ಎರಡು ಸಲ ಮುಂದಕ್ಕೆ ಹೋಯಿತು, ಅಧ್ಯಕ್ಷರು ಬದಲಾದರು, ಕೊನೆಗೆ ಒಂದೇ ಒಂದು ಕಪಾಟು ಮಂಜೂರಾಯಿತು. ಮಂಚದ ಕೆಳಗಿನ ಪುಸ್ತಕಗಳು ಬಂದವು. ಅಟ್ಟದ ಮೇಲಿನವು ಅಲ್ಲೇ ಉಳಿದವು.

ಮತ್ತೆ ತರಬೇತಿಯ ಕರೆ ಬಂದಾಗ, ಹಿರಿಯರೆಂದು ಈ ಸಲ ಮಂದಾಕಿನಿಯವರನ್ನೇ ಮಾತಾಡಲು ಆಹ್ವಾನಿಸಿದ್ದರು. ಅವರು ಗುರುಶಾಂತಪ್ಪನವರನ್ನು ಕರೆದುಕೊಂಡು ಹೋದರು. ಇಬ್ಬರ ಚೀಲ ಹಿಡಿಯಲೆಂದು ನಾನೂ ಹೋದೆ. ತಮಗೆ ಕೊಟ್ಟ ಹೊತ್ತಿನಲ್ಲಿ ಮಂದಾಕಿನಿಯವರು ಎದ್ದು, "ನನಗಿಂತ ಇವರು ಹೇಳಿದ್ರೆ ಚೆನ್ನಾಗಿರುತ್ತೆ" ಎಂದಷ್ಟೇ ಹೇಳಿ ಕುಳಿತರು.

ಗುರುಶಾಂತಪ್ಪನವರಿಗೆ ಭಾಷಣ ಬರುತ್ತಿರಲಿಲ್ಲ. ಯಾವ ಗ್ರಂಥಾಲಯದವರು ಎಂದು ಸಭೆಯಿಂದ ಯಾರೋ ಕೇಳಿದಾಗ ತಮ್ಮ ಊರಿನ ಹೆಸರನ್ನಷ್ಟೇ ಹೇಳಿದರು. ಬೇರೆ ಊರಿನ ಅಪರಿಚಿತರಿಗೆ ಫೋನಿನಲ್ಲಿ ಓದುವಾಗ ಎಲ್ಲಿ ನಿಲ್ಲಿಸಬೇಕು, ಅಂಕಿಗಳನ್ನು ಹೇಗೆ ಎರಡು ಸಲ ಹೇಳಬೇಕು, ಕೇಳುವವರ ಕೈ ಸೋತಿದೆಯೆಂದು ಅವರ ಉಸಿರಿನಿಂದ ಹೇಗೆ ತಿಳಿಯುತ್ತದೆ ಎಂದು ತಡವರಿಸುತ್ತ ಹೇಳಿದರು. ಹಿಂದಿನ ಸಾಲಿನವರು ತೂಕಡಿಸಲಿಲ್ಲ. ಊಟದ ಹೊತ್ತಿನಲ್ಲಿ ಸಣ್ಣ ಊರುಗಳ ಗ್ರಂಥಪಾಲಕರು ಅವರನ್ನು ಸುತ್ತುವರಿದು, ತಮ್ಮಲ್ಲೂ ಒಂದು ಅಟ್ಟವಿದೆ, ಒಂದು ಗೋದಾಮಿದೆ ಎಂದು ಹೇಳಿಕೊಂಡರು. ಅವರು ಎಲ್ಲರ ಊರಿನ ಹೆಸರನ್ನೂ ಕೇಳಿ ತಿಳಿದುಕೊಂಡರು.

ಮಧ್ಯಾಹ್ನದ ಉಪನ್ಯಾಸಕ ಹೊಸ ಯಂತ್ರಗಳ ಬಗ್ಗೆ ಮಾತಾಡಲು ಬಂದಿದ್ದ ತರುಣ. ಆತ ಗಟ್ಟಿಯಾಗಿ ಶುರುಮಾಡಿ, ಇದ್ದಕ್ಕಿದ್ದಂತೆ ನಿಲ್ಲಿಸಿದ. ಮೊದಲ ಸಾಲಿನಲ್ಲಿ, ಅತಿಥಿಗಳ ಮೆತ್ತನೆಯ ಕುರ್ಚಿಯಲ್ಲಿ, ಗುರುಶಾಂತಪ್ಪ ನಿದ್ದೆಹೋಗಿದ್ದರು. ನೋಯುವ ಕಾಲನ್ನು ಮುಂದಕ್ಕೆ ಚಾಚಿ, ಬಾಯಿ ಒಂದಿಷ್ಟು ತೆರೆದು, ಮಗುವಿನಂತೆ ಮಲಗಿದ್ದರು. ನಾನು ಎಬ್ಬಿಸಲು ಕೈ ಚಾಚಿದೆ. ಮಂದಾಕಿನಿಯವರು ಬೇಡವೆಂದು ತಲೆಯಾಡಿಸಿದರು. ತರುಣ ಒಂದು ಕ್ಷಣ ನೋಡಿ, ಮೈಕನ್ನು ಪಕ್ಕಕ್ಕೆ ಸರಿಸಿ, ದನಿ ತಗ್ಗಿಸಿ ಮಾತು ಮುಂದುವರಿಸಿದ.