ಮುಟ್ಟಬಾರದ ಸಾಲು

ನನ್ನ ಭಾವನಿಗೆ ಕಂಪ್ಯೂಟರ್ ಬಗ್ಗೆ ಗೊತ್ತಿರುವುದು ಎರಡೇ: ಆನ್ ಮಾಡುವುದು, ಕೆಟ್ಟರೆ ನನಗೆ ಫೋನ್ ಮಾಡುವುದು. ಜಮೀನು ಅಳೆಯುವ ಸರ್ವೇಯರ್. ಏನೋ ಕಿತಾಪತಿ ಮಾಡಿಟ್ಟಿರುತ್ತಾರೆ ಎಂದು ಗೊಣಗಿಕೊಂಡೇ ಅವರ ಮನೆಯ ಮೆಟ್ಟಿಲು ಹತ್ತಿದೆ.

ಅಕ್ಕ ಕರಡು ತಿದ್ದುವವಳು. ಹತ್ತು ದಿನದ ಹಿಂದೆ ಕಣ್ಣಿನ ಆಪರೇಷನ್ ಆಗಿತ್ತು. ಜೋರು ಬೆಳಕು ಕಂಡರೆ ಕಣ್ಣಲ್ಲಿ ನೀರು ಸುರಿದು ತಲೆ ಸಿಡಿಯುತ್ತಿತ್ತು. ಅದೇ ಹೊತ್ತಿಗೆ ಅವಳ ಲ್ಯಾಪ್‌ಟಾಪಿನ ಪರದೆ ಪೂರ್ತಿ ಬೆಳಕಿನಲ್ಲೇ ನಿಂತುಬಿಟ್ಟಿತ್ತು. ಅವತ್ತು ಸಂಜೆಯೊಳಗೆ ತಿದ್ದಿದ ಪುಸ್ತಕ ಕೊಡದಿದ್ದರೆ ಪ್ರೆಸ್ಸಿನವರು ಕೆಲಸವನ್ನೇ ಬೇರೆಯವರಿಗೆ ಕೊಡುತ್ತಿದ್ದರು.

ಒಳಕೋಣೆಯಲ್ಲಿ ಅಕ್ಕ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮಲಗಿದ್ದಳು. ಹೊರಗೆ ಭಾವ ಲ್ಯಾಪ್‌ಟಾಪ್ ಮುಂದೆ ಕೂತು ಓದುತ್ತಿದ್ದರು. "ಬೇರು, ಅಲ್ಪವಿರಾಮ, ಕಾಂಡ, ಅಲ್ಪವಿರಾಮ, ಮತ್ತು ಎಲೆ." ಅವಳು ಒಳಗಿಂದ, "ಕಾಂಡ ಆದ್ಮೇಲೆ ಅದು ಬೇಡ, ತೆಗೀರಿ" ಅನ್ನುತ್ತಿದ್ದಳು. ಒಂಬತ್ತು ದಿನದಿಂದ ಇದೇ ಪಾರಾಯಣವಂತೆ. ನನಗೆ ನಗು ತಡೆಯಲಾಗಲಿಲ್ಲ.

"ಸ್ವಲ್ಪ ಸರೀರಿ ಭಾವ. ಏನೇನು ತಿರುಚಿದ್ದೀರಿ?"

"ಏನೂ ಇಲ್ಲಪ್ಪ. ಅಪ್‌ಡೇಟ್ ಆದ್ಮೇಲೆ ಹೀಗೆ."

"ಎಲ್ರೂ ಹೀಗೇ ಹೇಳೋದು."

ಬೆಳಕು ಇಳಿಸುವ ಕೀಲಿ ಒತ್ತಿದೆ. ಪರದೆಯ ಮೇಲಿನ ಪಟ್ಟಿ ನೂರರಿಂದ ಹತ್ತಕ್ಕೆ ಇಳಿಯಿತು. ಬೆಳಕು ಮಾತ್ರ ಜಪ್ಪಯ್ಯ ಅಂದರೂ ಅಲುಗಲಿಲ್ಲ. ಯಂತ್ರದ ಬುಡದ ತಂತ್ರಾಂಶವಾದ ಕರ್ನಲ್ಲಿನ ಒಳಗೆ ಹೊಕ್ಕು ನೋಡಿದೆ. ಬೆಳಕಿಗೆ ಎರಡು ಹಿಡಿತಗಳಿರುತ್ತವೆ: ಯಂತ್ರದ ಜೊತೆಗೇ ಬರುವ ಫರ್ಮ್‌ವೇರಿನದೊಂದು, ಚಿತ್ರ ಮೂಡಿಸುವ ಗ್ರಾಫಿಕ್ಸ್ ಚಿಪ್ಪಿನದೊಂದು. ಇಲ್ಲಿ ಚಿಪ್ಪಿನದೇ ನಿಜವಾದದ್ದು. ಕೀಲಿ ತಿರುಗಿಸುತ್ತಿದ್ದುದು ಮೊದಲನೆಯದನ್ನು, ಅದಕ್ಕೆ ಈಗ ಏನೂ ಅಂಟಿಕೊಂಡಿರಲಿಲ್ಲ. ಯಾರೋ ಪುಣ್ಯಾತ್ಮ, ಯಂತ್ರ ಶುರುವಾಗುವಾಗಲೇ ಆ ಮೊದಲನೆಯದನ್ನೇ ಬಳಸು ಎಂದು ಒಂದು ಸಾಲು ತುರುಕಿದ್ದ.

"ಯಾವ ಎಡಬಿಡಂಗಿ ಭಾವ, ಇದನ್ನ ಬರೆದಿರೋನು? ಇಂಥವರಿಗೆಲ್ಲ ಕೀಬೋರ್ಡ್ ಕೊಡೋರ್ಯಾರು?"

ಭಾವ ನೆಲ ನೋಡುತ್ತಾ ನಿಂತಿದ್ದರು. ಸಿಕ್ಕಿಬಿದ್ದರು ಎಂದುಕೊಂಡು ಆ ಸಾಲಿನ ಮೇಲಿದ್ದ ಟಿಪ್ಪಣಿ ಓದಿದೆ: ಗೊತ್ತಿಲ್ಲದವರು ಇದನ್ನು ಮುಟ್ಟಬೇಡಿ. ಪಕ್ಕದಲ್ಲಿ ಮೂರು ವರ್ಷದ ಹಿಂದಿನ ತಾರೀಖು. ಅದರ ಮುಂದೆ ನನ್ನದೇ ರಿಪೇರಿ ಅಂಗಡಿಯ ಹೆಸರು.

ಟಿಪ್ಪಣಿಯನ್ನು ಇನ್ನೊಮ್ಮೆ ಓದಿದೆ. ಹಳೆಯ ಕರ್ನಲ್ಲಿಗೆ ಆಗ ಅದು ಬೇಕಿತ್ತು, ಅಪ್‌ಡೇಟ್ ತಂದ ಹೊಸದಕ್ಕೆ ಬೇಡವಾಗಿತ್ತು. ಹಾಕಿದ್ದನ್ನು ನಾನು ಮರೆತೇಬಿಟ್ಟಿದ್ದೆ.

ಭಾವ ಒಳಗೆ ಕೇಳಿಸದ ಹಾಗೆ ಮೆಲ್ಲಗೆ ಹೇಳಿದರು: "ಮೊದಲನೇ ದಿನಾನೇ ನೆಟ್ಟಲ್ಲಿ ಹುಡುಕಿ ನೋಡ್ದೆ. ಆ ಸಾಲು ತೆಗೆದ್ರೆ ಸರಿಹೋಗುತ್ತೆ ಅಂತ ಒಂದು ಕಡೆ ಓದ್ದೆ ಕೂಡ. ಆದ್ರೆ ಮುಟ್ಟಬೇಡಿ ಅಂತ ನೀನು ಬರೆದಿದ್ದೆ. ಫೋನ್ ಮಾಡಿದ್ರೂ ಅದನ್ನೇ ಹೇಳ್ದೆ, ಬಿಡುವಾದಾಗ ಬರ್ತೀನಿ, ಏನೂ ಮುಟ್ಟಬೇಡಿ ಅಂತ. ನಿಂಗೆ ಗೊತ್ತಿರೋದ್ರಲ್ಲಿ ನಾನ್ಯಾಕೆ ಕೈ ಹಾಕ್ಲಿ?"

ಸಾಲು ಅಳಿಸಿ ಮತ್ತೆ ಶುರು ಮಾಡಿದೆ. ಕೀಲಿ ಒತ್ತಿದಂತೆ ಬೆಳಕು ಇಳಿಯಿತು. ಎಲ್ಲ ಸೇರಿ ನಾಲ್ಕು ನಿಮಿಷ ಹಿಡಿದಿರಬಹುದು.

ಅಕ್ಕ ಬಟ್ಟೆ ಬಿಚ್ಚಿ ಹೊರಗೆ ಬಂದಳು. ಮಂದ ಪರದೆಯನ್ನು ಒಂದು ಕ್ಷಣ ನೋಡಿ, ಕುರ್ಚಿ ಎಳೆದುಕೊಂಡು ಕೂತಳು. ರೆಪ್ಪೆಗಳು ಊದಿಕೊಂಡಿದ್ದವು.

"ಯಾರು ಮಾಡಿದ್ದಂತೆ ಇದನ್ನ?"

"ಯಾವನೋ ಹಳೇ ರಿಪೇರಿಯವನು, ಬಿಡು" ಎಂದು ಭಾವ ನನಗೆ ನೀರು ತರಲು ಹೋದರು.