ಪಕ್ಕದ ಹಾಸಿಗೆಯ ಎಣ್ಣೆ

ಸಾಗರದ ಆಸ್ಪತ್ರೆಯ ಆ ವಾರ್ಡಿನಲ್ಲಿ ಬೆಳಗಾಗುತ್ತಿದ್ದದ್ದೇ ತಕ್ಕಡಿಯಿಂದ. ಆರೂವರೆಗೆ ಸಿಸ್ಟರ್ ಹೇಮಾವತಿ ಒಂದೊಂದೇ ಮಗುವಿನ ಬಟ್ಟೆ ಬಿಚ್ಚಿ ತೂಗಿ, ಗೋಡೆಯ ಬೋರ್ಡಿನ ಮೇಲೆ ತಾಯಿಯ ಹೆಸರಿನ ಮುಂದೆ ಅಂಕಿ ಬರೆಯುತ್ತಿದ್ದಳು. ದಿನ ತುಂಬುವ ಮೊದಲೇ ಹುಟ್ಟಿದ ಮಕ್ಕಳು ಅವು. ಒಂದು ಕೆಜಿ ಎಂಟುನೂರು ಗ್ರಾಂ ಮುಟ್ಟಿದರೆ ಮನೆ, ಇಲ್ಲವಾದರೆ ಅಲ್ಲೇ.

ವಿನಯಾಳ ಕೂಸು ಐದು ದಿನದಿಂದ ಒಂದು ಸಾವಿರದ ನಾನೂರ ಹತ್ತು ಗ್ರಾಮಿನಲ್ಲಿ ನಿಂತುಬಿಟ್ಟಿತ್ತು. ಪಕ್ಕದ ಹಾಸಿಗೆಯ ಕಾವ್ಯಾಳ ಗಂಡುಮಗುವೂ ಅದೇ ವಾರ ಹುಟ್ಟಿದ್ದು. ಅದು ದಿನಕ್ಕೆ ಇಪ್ಪತ್ತೈದು, ಮೂವತ್ತು ಏರುತ್ತ ಸಾವಿರದ ಆರುನೂರು ದಾಟಿತ್ತು.

ವಿನಯಾ ಹೊಸನಗರದ ಕಡೆಯವಳು, ಹೈಸ್ಕೂಲು ಟೀಚರು. ಮನೆಯಲ್ಲಿ ಆರು ವರ್ಷದ ದೊಡ್ಡ ಮಗಳು ದಿನಾ ಫೋನಿನಲ್ಲಿ "ಯಾವಾಗ ಬತ್ತೆ?" ಎಂದು ಕೇಳುತ್ತಿದ್ದಳು. ಕಾವ್ಯಾ ಕಾರ್ಗಲ್ಲಿನವಳು. ಅವಳ ಅತ್ತೆ ದುಗ್ಗಮ್ಮ ದಿನ ಬಿಟ್ಟು ದಿನ ಬಸ್ಸು ಹತ್ತಿ ಗಂಜಿ ತರುತ್ತಿದ್ದಳು. ಜೊತೆಗೆ ತಾನೇ ತೆಂಗಿನ ಹಾಲು ಕಾಯಿಸಿ ತೆಗೆದ ಎಣ್ಣೆ.

ಎಣ್ಣೆ ಹಚ್ಚಲು ಹೇಳಿದ್ದು ಡಾಕ್ಟರೇ. ದಿನಕ್ಕೆ ಮೂರು ಸಲ, ಹತ್ತು ನಿಮಿಷ, ಅಂಗೈಯಲ್ಲಿ ಮೆಲ್ಲಗೆ ನೀವಬೇಕು. "ಬರೀ ತೆಂಗಿನೆಣ್ಣೆ. ಬೇರು ನಾರು ಅಂತ ಏನಾದ್ರೂ ಸೇರಿಸಿದ್ರೋ, ನಾನು ಸುಮ್ನಿರಲ್ಲ" ಎಂದು ಹೇಮಾವತಿ ಮೊದಲ ದಿನವೇ ಎಲ್ಲರನ್ನೂ ಎಚ್ಚರಿಸಿದ್ದಳು.

ಅವತ್ತೇ ದುಗ್ಗಮ್ಮ ತನ್ನ ಸೀಸೆಯನ್ನು ಇತ್ತ ಚಾಚಿದ್ದಳು. "ತಗಳಮ್ಮ, ನಿಮ್ ಪಾಪುಗೂ ಒಂಚೂರು ಹಚ್ಚಿ. ನಿನ್ನೆ ಕಾಯ್ಸಿದ್ದು."

ವಿನಯಾಳ ತಾಯಿ ವಾಗ್ದೇವಿ ಎದ್ದು ಅಡ್ಡ ನಿಂತರು. "ಬೇಡಮ್ಮ. ನಮಗೆ ನಮ್ಮನೇದೇ ಆಗ್ಬೇಕು. ಕಂಡವರ ಮನೇದು ಮುಟ್ಟಿಸೋದಿಲ್ಲ."

"ಅಯ್ಯ, ತೆಂಗಿನಕಾಯಿಗೂ ಜಾತಿ ಐತಾ?" ಎಂದು ದುಗ್ಗಮ್ಮ ನಕ್ಕಿದ್ದಳು. ನಗುತ್ತಲೇ ಸೀಸೆಗೆ ಮುಚ್ಚಳ ತಿರುವಿದ್ದಳು. ವಿನಯಾ ತಲೆಯೆತ್ತದೆ ಮೊಬೈಲ್ ನೋಡುತ್ತ ಕೂತಿದ್ದಳು.

ವಾಗ್ದೇವಿ ತಂದಿದ್ದ ಎಣ್ಣೆಯಲ್ಲಿ ಬಜೆಯಿತ್ತು, ಇನ್ನೆಂಥದೋ ಎರಡು ಬೇರು ಕುದಿಸಿದ್ದಿತ್ತು. ವಿನಯಾಳಿಗೆ ಅದು ಗೊತ್ತಿತ್ತು. ಸಿಸ್ಟರಿಗೆ ಹೇಳಲು ತಾಯಿಯ ಹೆದರಿಕೆ, ಹಚ್ಚಲು ಸಿಸ್ಟರಿನ ಹೆದರಿಕೆ. ಹೀಗಾಗಿ ಬೆರಳ ತುದಿಗೆ ಒಂದು ಹನಿ ಮುಟ್ಟಿಸಿ, ಕೂಸಿನ ಮೈಗೆ ತಾಗಿಸಿದಂತೆ ಮಾಡಿ, ಕೂಡಲೇ ಬಟ್ಟೆಯಲ್ಲಿ ಒರೆಸಿಬಿಡುತ್ತಿದ್ದಳು.

ಆರನೆಯ ಬೆಳಿಗ್ಗೆಯೂ ಬೋರ್ಡಿನಲ್ಲಿ ಅದೇ ನಾನೂರ ಹತ್ತು. ಅವಳ ತಲೆಯಲ್ಲಿ ಒಂದೇ ಮಾತು ಕೂತಿತು: ಇದ್ದರೆ ಆ ಎಣ್ಣೆಯಲ್ಲೇ ಏನೋ ಇದೆ. ಕೇಳಿದರೆ ಕೊಡುತ್ತಿದ್ದರು. ಆದರೆ ಮುಖಕ್ಕೆ ಹೊಡೆದಂತೆ ಬೇಡವೆಂದ ಮೇಲೆ ಯಾವ ಬಾಯಲ್ಲಿ ಕೇಳುವುದು?

ಕಾವ್ಯಾ ಸ್ನಾನಕ್ಕೆ ಹೋಗಿದ್ದಳು. ವಾರ್ಡಿನವರು ಎಲ್ಲ ತಾಯಂದಿರಿಗೂ ಎಣ್ಣೆ ಹಾಕಿಡಲು ಒಂದೇ ಬಗೆಯ ಕಂದುಬಣ್ಣದ ಪುಟ್ಟ ಬಾಟಲಿ ಕೊಟ್ಟಿದ್ದರು, ಮೇಲಿನ ಹೆಸರಿನ ಚೀಟಿಯಷ್ಟೇ ಬೇರೆ. ವಿನಯಾ ತನ್ನದನ್ನೂ ಕಾವ್ಯಾಳದನ್ನೂ ಸೆರಗಿನಲ್ಲಿ ಮುಚ್ಚಿಕೊಂಡು ಕೈತೊಳೆಯುವ ಮೂಲೆಗೆ ಹೋದಳು. ಕಾವ್ಯಾಳ ಎಣ್ಣೆ ಲೋಟಕ್ಕೆ, ತನ್ನದು ಕಾವ್ಯಾಳ ಬಾಟಲಿಗೆ, ಲೋಟದ್ದು ತನ್ನ ಬಾಟಲಿಗೆ. ಖಾಲಿ ಬಾಟಲಿ ಇಟ್ಟರೆ ಗೊತ್ತಾಗುತ್ತದಲ್ಲ, ಅದಕ್ಕೇ ಅದಲು ಬದಲು. ಪರೀಕ್ಷೆಯಲ್ಲಿ ಚೀಟಿ ತಂದ ಹುಡುಗರನ್ನು ಎದ್ದು ನಿಲ್ಲಿಸಿ ಬೈಯುತ್ತಿದ್ದವಳು ಒಂದು ಹನಿಯೂ ಚೆಲ್ಲದಂತೆ ಸುರಿದಳು.

ಆ ಎಣ್ಣೆಯನ್ನು ಅವಳು ಅಂಗೈ ತುಂಬ ಸುರಿದುಕೊಂಡು, ಗಡಿಯಾರ ನೋಡಿ ಹತ್ತು ನಿಮಿಷ ನೀವಿದಳು. ಎರಡು ದಿನಕ್ಕೆ ಇಪ್ಪತ್ತೈದು ಗ್ರಾಂ ಏರಿತು. ಅವಳು ಗಂಡನಿಗೆ ಫೋನು ಮಾಡಿ ನಕ್ಕಳು. ಆಮೇಲೆ ನೆನೆದಾಗೆಲ್ಲ ಕದ್ದದ್ದಕ್ಕಿಂತ ಆ ನಗುವೇ ಅವಳನ್ನು ಹೆಚ್ಚು ಚುಚ್ಚಿತು.

ಮೂರನೆಯ ಬೆಳಿಗ್ಗೆ ಕಾವ್ಯಾಳ ಮಗುವಿನ ಬಟ್ಟೆ ಬಿಚ್ಚಿದ ಹೇಮಾವತಿ ಹಾಗೇ ನಿಂತಳು. ಹೊಟ್ಟೆ, ತೊಡೆಯೆಲ್ಲ ಕೆಂಪು ಗಂಧೆ. ರಾತ್ರಿ ಹಾಲೂ ಸರಿಯಾಗಿ ಕುಡಿದಿರಲಿಲ್ಲ. ತೂಕ ಹದಿನೈದು ಇಳಿದಿತ್ತು. ಅವಳು ಬಾಟಲಿ ತೆರೆದು ಮೂಸಿದಳು.

ಮೊದಲ ಬಸ್ಸಿಗೇ ಬಂದಿದ್ದ ದುಗ್ಗಮ್ಮ ಗಂಜಿಯ ಡಬ್ಬಿ ಹಿಡಿದು ಬಾಗಿಲಲ್ಲಿದ್ದಳು.

"ಇದೆಂಥದಜ್ಜಿ? ಬಜೆ ವಾಸ್ನೆ ಹೊಡೀತಿದೆ! ಎಷ್ಟು ಸಲ ಹೇಳ್ಬೇಕು ನಿಮ್ಗೆ?"

"ದೇವ್ರಾಣೆ ಇಲ್ಲ ಸಿಸ್ಟ್ರೇ. ಬರೀ ಕಾಯಿ. ನಾನ್ಯಾಕೆ ಮೊಮ್ಮಗನ ಮೈಗೆ..."

"ವಾಸ್ನೆ ನಂಗೂ ಬಂತತ್ತೆ," ಎಂದಳು ಕಾವ್ಯಾ ಅಳುತ್ತ. "ನೀವೇ ಏನೋ ಹೊಸಾದು ಹಾಕಿರ್ಬೇಕು ಅಂತ ಸುಮ್ನಾದೆ."

ದುಗ್ಗಮ್ಮ ಸೊಸೆಯ ಮುಖವನ್ನೇ ನೋಡಿದಳು.

ಡಾಕ್ಟರು ಬಂದರು. ಸೋಂಕೂ ಇರಬಹುದು, ರಕ್ತ ತೆಗೆದು ನೋಡೋಣ, ಮತ್ತೆ ಒಳಗಿನ ಕಾವಿನ ಪೆಟ್ಟಿಗೆಯಲ್ಲೇ ಇಡೋಣ ಎಂದರು. ಹೇಮಾವತಿ ಸೂಜಿ ತಂದಳು. ಹೆಬ್ಬೆರಳಿನಷ್ಟೂ ದಪ್ಪವಿಲ್ಲದ ಆ ಕಾಲನ್ನು ಹಿಡಿದು ಹಿಮ್ಮಡಿ ಒರೆಸತೊಡಗಿದಳು.

"ಸಿಸ್ಟರ್," ಎಂದಳು ವಿನಯಾ. ಹೇಮಾವತಿ ತಲೆಯೆತ್ತಲಿಲ್ಲ. ಮತ್ತೊಮ್ಮೆ ಹೇಳಿದಳು, "ಸಿಸ್ಟರ್, ಆ ಎಣ್ಣೆ ನಂದು. ಅಜ್ಜಿದಲ್ಲ. ಬದಲಾಯ್ಸಿದ್ದು ನಾನು."

ಡಾಕ್ಟರು ಕನ್ನಡಕದ ಮೇಲಿಂದ ಅವಳನ್ನು ನೋಡಿ, "ಸೂಜಿ ಬೇಡ. ಮೊದಲು ಮಗು ಮೈ ತೊಳೀರಿ, ಸಂಜೆವರೆಗೆ ನೋಡೋಣ" ಎಂದಷ್ಟೇ ಹೇಳಿ ಮುಂದೆ ಹೋದರು. ಹೇಮಾವತಿ ಮಾತ್ರ ಬಿಡಲಿಲ್ಲ. "ಟೀಚರಂತೆ ನೀವು!" ಎಂದಳು. ಇನ್ನೂ ಬಹಳ ಅಂದಳು. ವಿನಯಾಳಿಗೆ ಅದೊಂದೂ ನೆನಪಿಲ್ಲ.

ನೆನಪಿರುವುದು ದುಗ್ಗಮ್ಮನ ಮಾತು. ಬೈಗುಳ ಮುಗಿದ ಮೇಲೆ ಅವಳು ಗಂಜಿಯ ಡಬ್ಬಿ ಕೆಳಗಿಟ್ಟು, ಮೆಲ್ಲಗೆ ಕೇಳಿದ್ದಳು: "ಕೊಟ್ಟಾಗ ಬ್ಯಾಡಾಗಿತ್ತಲ್ಲಮ್ಮ."

ಸಂಜೆಯ ಹೊತ್ತಿಗೆ ಮಗುವಿನ ಮೈಯ ಕೆಂಪು ಇಳಿಯುತ್ತ ಬಂತು, ಹಾಲೂ ಕುಡಿಯಿತು. ಆದರೆ ಮನೆಗೆ ಹೋಗುವ ದಿನ ಮುಂದೆ ಹೋಗಿತ್ತು. ಕಾವ್ಯಾ ಇಡೀ ದಿನ ಇತ್ತ ಬೆನ್ನು ಹಾಕಿಯೇ ಕೂತಿದ್ದಳು.

ಆರು ಗಂಟೆಗೆ, ಊರಿಗೆ ಮರಳಿದ್ದ ವಾಗ್ದೇವಿಯವರ ಫೋನು. ಕಿವಿ ಮಂದವಾದ್ದರಿಂದ ಅವರ ಮಾತೆಲ್ಲ ಕೂಗಿಯೇ, ಅಕ್ಕಪಕ್ಕದವರಿಗೂ ಕೇಳುವಂತೆ.

"ಕೂಸಿನ ತೂಕ ಎಷ್ಟಾತೆ? ಎಂಗಳ ಮನೆ ಎಣ್ಣೆಗೆ ಏರ್ದೇ ಇರ್ತಾ!"

ವಿನಯಾ ತಡವರಿಸುತ್ತ, ತಗ್ಗಿದ ದನಿಯಲ್ಲಿ, ನಡೆದದ್ದನ್ನು ಹೇಳಿದಳು.

"ಅವರ ಮನೆ ಎಣ್ಣೆನ ಎಂಗಳ ಕೂಸಿಗೆ ಹಚ್ಚಿದ್ಯಾ?"

ತಾಯಿಗೆ ತಾಗಿದ್ದು ಇದೊಂದೇ. ಪಕ್ಕದ ಹಾಸಿಗೆಯಲ್ಲಿ ಕಾವ್ಯಾಳ ಬೆನ್ನು ಒಮ್ಮೆ ಬಿಗಿಯಿತು. ವಿನಯಾಳ ಮುಖ, ಕಿವಿ, ಕುತ್ತಿಗೆ ಉರಿದವು. ಮೊದಲ ದಿನದಂತೆ ಸುಮ್ಮನಿದ್ದರೆ ಆಗುತ್ತಿತ್ತು. ಅವಳು ಮನೆಮಾತನ್ನು ಬಿಟ್ಟು, ತಾಯಿಯೊಡನೆ ಎಂದೂ ಆಡದ ಶಾಲೆಯ ಕನ್ನಡದಲ್ಲಿ, ಗಟ್ಟಿಯಾಗಿ ಹೇಳಿದಳು: "ಹಚ್ಚಿದೆ ಅಮ್ಮ. ಅವರು ಕೊಟ್ಟಾಗ ಬೇಡ ಅಂದು, ಆಮೇಲೆ ಕದ್ದು ಹಚ್ಚಿದೆ. ನಿನ್ನ ಎಣ್ಣೆಯಿಂದ ಅವರ ಮಗುವಿನ ಮೈಯೆಲ್ಲ ಗಂಧೆ ಎದ್ದಿದೆ. ತಪ್ಪು ನಮ್ಮದು."

ಕಾವ್ಯಾ ಇತ್ತ ತಿರುಗಲಿಲ್ಲ.

"ಮೆತ್ತಗೆ ಮಾತಾಡಿ," ಎಂದಳು ಗೋಡೆಯನ್ನೇ ನೋಡುತ್ತ. "ಈಗಷ್ಟೇ ಮಲ್ಗಿದಾನೆ."